ಎದ್ದು ನಡೆದ ಹೆಣ

"ಒಂದೊಂದು ಹೂಚಕ್ರಕ್ಕೂ ಹದಿನೈದು ಸಾವಿರ ಯೆನ್," ಎನ್ನುತ್ತ ತೋಮೆ ಹೆಣದ ತೋಳನ್ನು ಬಿಳಿ ಕಿಮೋನೋದೊಳಗೆ ತೂರಿಸಿದಳು. "ನನ್ನನ್ನ ಹೊರಗೆ ಹಾಕಿದ ದಿನ ಒಂದು ಲೋಟ ಚಹಾ ಕೊಡೋರೂ ಇರ್ಲಿಲ್ಲ."

ಒಂದು ಕಾಲದ ಸಹಾಯಕ ನಿರ್ದೇಶಕ ನಿಶಿವಾಕಿ ಬಾಗಿಲ ಕಡೆ ನೋಡಿದ. "ಮೆಲ್ಲಗೆ ಅಕ್ಕ. ಸ್ಟುಡಿಯೋದವರೆಲ್ಲ ಹೊರಗಿದ್ದಾರೆ."

"ಕೇಳ್ಲಿ ಬಿಡು."

ಸಮುರಾಯ್ ಚಿತ್ರಗಳ ನಿರ್ದೇಶಕ ಮುರೋಟಾ ಸೇಜಿ ಮೊನ್ನೆ ಕ್ಯೋಟೋದಲ್ಲಿ ತೀರಿಕೊಂಡಿದ್ದ. ಅಪ್ಪನಿಗೆ ಕೊನೆಯ ಬಟ್ಟೆ ತೊಡಿಸಲು ತೋಮೆಯೇ ಬರಬೇಕೆಂದು ಮಗಳು ಚಿಹಾರು ಹಟ ಹಿಡಿದಿದ್ದಳು. ಅವನ ಚಿತ್ರಗಳಲ್ಲಿ ಎಲ್ಲರಿಗೂ ಬಟ್ಟೆ ತೊಡಿಸುತ್ತಿದ್ದವಳು ತೋಮೆಯೇ. ಅವಳು ಒಂದೇ ಷರತ್ತು ಹಾಕಿದ್ದಳು: ಇವತ್ತಿನ ಭಾಷಣದಲ್ಲಿ ನಿಶಿವಾಕಿ ನಿಜ ಹೇಳಬೇಕು.

"ಹೇಳ್ತೀಯಲ್ಲ?"

"ಎಷ್ಟು ಸಲ ಕೇಳ್ತೀಯಕ್ಕ? ಹೇಳ್ತೀನಿ ಅಂದ್ನಲ್ಲ."

ಬದುಕಿರುವವರಿಗೆ ಕಿಮೋನೋದ ಎಡ ಮಡಿಕೆ ಮೇಲೆ, ಸತ್ತವರಿಗೆ ಬಲ ಮಡಿಕೆ ಮೇಲೆ. ತೋಮೆ ಬಲ ಮಡಿಕೆಯನ್ನು ಮೇಲೆ ತಂದು ಸೊಂಟಪಟ್ಟಿ ಕಟ್ಟಿದಳು.

*

ವರ್ಷಗಳ ಹಿಂದಿನ ಚಿತ್ರೀಕರಣ; ಅಂದು ಸೈನ್ಯ ಹೊರಡುವ ದೃಶ್ಯ. ಬೆಳಕು ಇಳಿಯುತ್ತಿತ್ತು, ಸಾಲಿನಲ್ಲಿ ಒಬ್ಬ ಕಡಿಮೆ ಬಿದ್ದಿದ್ದ. ಮುಂದಿನ ದೃಶ್ಯಕ್ಕೆಂದು ಹೆಣದ ಉಡುಪಿನಲ್ಲಿ ಚಾಪೆಯ ಮೇಲೆ ಮಲಗಿದ್ದವನನ್ನು ಮುರೋಟಾ ಕಾಲಿನಿಂದ ತಿವಿದ.

"ಏಯ್ ಹೆಣ! ಎದ್ದು ಸಾಲಿಗೆ ನಡಿ!"

"ಸಾರ್, ಮಡಿಕೆ ತಿರುಗಿಸಿ ಕಟ್ಟಬೇಕು," ಎಂದು ತೋಮೆ ಓಡಿಬಂದಳು.

"ಸೂರ್ಯ ಏನು ನಿನ್ನಪ್ಪನ ಮನೆ ಆಳಾ, ಕಾಯೋಕೆ? ಸರಿ ಆಚೆ!"

ಮೇಲೊಂದು ಅಂಗಿ ಎಸೆದು, ಕೈಗೊಂದು ಈಟಿ ಕೊಟ್ಟು ನಡೆಸಿದರು. ಕೊರಳಿನ ಮಡಿಕೆ ಮಾತ್ರ ಹೆಣದ್ದೇ ಉಳಿಯಿತು. ಚಿತ್ರ ತೆರೆಕಂಡಾಗ, ಮುರೋಟಾನ ಸೈನ್ಯದಲ್ಲಿ ಹೆಣವೂ ಈಟಿ ಹಿಡಿಯುತ್ತದೆ ಎಂದು ಪತ್ರಿಕೆಗಳು ಆಡಿಕೊಂಡವು. ಮುರೋಟಾ ಎಲ್ಲರೆದುರು ತೋಮೆಯತ್ತ ಬೆರಳು ತೋರಿಸಿದ. ಪಕ್ಕದಲ್ಲೇ ಇದ್ದ ನಿಶಿವಾಕಿ ತನ್ನ ಬೂಟು ನೋಡುತ್ತಿದ್ದ.

ಆಮೇಲೆ ಯಾವ ಸ್ಟುಡಿಯೋವೂ ಅವಳನ್ನು ಒಳಗೆ ಬಿಡಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರಕ್ಕೆ ಅಂಚು ಹೊಲಿದು ಬದುಕಿದಳು.

*

"ನಮ್ಮ ಗುರುಗಳು ತಪ್ಪು ಮಾಡಿದವರೇ ಅಲ್ಲ," ನಿಶಿವಾಕಿ ಮೈಕಿನ ಮುಂದೆ ಗದ್ಗದಿತನಾದ. "ಈಟಿ ಹಿಡಿದ ಹೆಣದ ಕತೆ ಗೊತ್ತಲ್ಲ? ಬಟ್ಟೆಯವಳು ಮೈಮರೆತಿದ್ದಳು. ಆದರೂ ಗುರುಗಳು ಅವಳನ್ನ ಒಂದು ಮಾತು ಬಯ್ಯಲಿಲ್ಲ. ಅದು ದೊಡ್ಡತನ!"

ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಪೆಟ್ಟಿಗೆ ಮುಚ್ಚುವ ಮುನ್ನ ಒಬ್ಬೊಬ್ಬರಾಗಿ ಹೂ ಇಟ್ಟರು. ತೋಮೆಯ ಸರದಿ ಬಂತು. ಅವಳು ಹೂವನ್ನು ನೆಲಕ್ಕೆಸೆದು, ಹೆಣದ ಸೊಂಟಪಟ್ಟಿ ಸಡಿಲಿಸಿ, ಎಡ ಮಡಿಕೆಯನ್ನು ಮೇಲಕ್ಕೆಳೆದು ಬಿಗಿದಳು.

"ಅತ್ತೆ! ಏನ್ ಮಾಡ್ತಿದೀರಿ?" ಚಿಹಾರು ಕೈ ಹಿಡಿದಳು.

"ಈ ನಿಶಿವಾಕಿ ಮಾತಿಗೆ ತಪ್ಪಿದ. ಇನ್ನು ನಿಮ್ಮಪ್ಪನೇ ಬಾಯಿ ಬಿಡ್ಲಿ." ತೋಮೆ ಪೆಟ್ಟಿಗೆಯೊಳಗೆ ಬಾಗಿ ಕಿರುಚಿದಳು, "ಏಯ್ ಹೆಣ! ಎದ್ದು ಸಾಲಿಗೆ ನಡಿ! ಅವತ್ತು ಹೀಗೆ ಹೇಳಿದ್ದು ಯಾರು ಅಂತ ಹೇಳಿ ಹೋಗು!"

ಚಿಹಾರು ಅವಳ ಕೈ ಬಿಟ್ಟಳು.

"ಯಾರು ಹೇಳಿದ್ದು, ನಿಶಿವಾಕಿ ಮಾವ?" ಎಂದಳು ಚಿಹಾರು.

ನಿಶಿವಾಕಿ ತನ್ನ ಬೂಟು ನೋಡಿದ.

ಶವಸಂಸ್ಕಾರದವನು ಮಡಿಕೆ ಸರಿಪಡಿಸಲು ಮುಂದೆ ಬಂದ. ಚಿಹಾರು ಅಡ್ಡ ನಿಂತಳು. "ಹಾಗೇ ಇರ್ಲಿ. ಮುಚ್ಚಿ."

ಬದುಕಿರುವವನ ಉಡುಪಿನಲ್ಲೇ ಮುರೋಟಾ ಬೆಂಕಿಗೆ ಹೋದ. ತೋಮೆಗೆ ಕೆಲಸ ಮರಳಿ ಬರಲಿಲ್ಲ.