ನೀಲಿ ಜೀಪಿನ ಸದ್ದು

ಮರುಳಸಿದ್ದಯ್ಯನವರು ಹೆಗಲ ಮೇಲಿನ ಟವೆಲನ್ನು ತೆಗೆದು ಮಗನ ಕೈಗೆ ಕೊಟ್ಟು, ನೀಲಿ ಜೀಪಿನ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು. ಶೆಡ್ಡಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಹಳೆಯ ಜೀಪುಗಳನ್ನು ಹರಾಜಿನಲ್ಲಿ ಹಿಡಿದು ತಂದು ತಿಪಟೂರಿನಲ್ಲಿ ಮಾರುವ ಶಂಭುಲಿಂಗಯ್ಯ ಕೂಡ ಬಾಯೊಳಗಿನ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ ಸುಮ್ಮನಾದ.

"ಅಪ್ಪ ಕಿವಿ ಕೊಟ್ರೆ ಮುಗೀತು. ಆಮೇಲೆ ನೀವೇನು ಹೇಳಿದ್ರೂ ನಡಿಯಾಕಿಲ್ಲ ಕಣ್ರೀ," ಎಂದ ಮಗ ತೋಂಟದಾರ್ಯ.

ಆ ಮಾತಿನಲ್ಲಿ ಬಡಾಯಿ ಇರಲಿಲ್ಲ. ನೊಣವಿನಕೆರೆಯ ಆಚೀಚಿನ ತೋಟದವರಿಗೆಲ್ಲ ಮರುಳಸಿದ್ದಯ್ಯನವರ ಕಿವಿ ಗೊತ್ತಿತ್ತು. ತೆಂಗಿನಕಾಯಿಯನ್ನು ವರ್ಷ ತುಂಬುವವರೆಗೆ ಅಟ್ಟದ ಮೇಲೆ ಬಿಟ್ಟರೆ, ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನ ಹಿಡಿತ ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತದೆ. ಅದಕ್ಕೆ ಮುಂಚೆ ಅವಸರಪಟ್ಟು ಒಡೆದರೆ ಕೊಬ್ಬರಿ ಕೆಟ್ಟಿತು. ಅವರು ಕಾಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ಆಗಿದೆ ಎಂದರೆ ಆಗಿರುತ್ತಿತ್ತು, ಇನ್ನೂ ಕೂರಲಿ ಎಂದರೆ ಕೂರಬೇಕಾಗಿತ್ತು. ಮಂಡಿಯಲ್ಲಿ ಅವರ ಚೀಲವನ್ನು ಬಿಚ್ಚಿ ನೋಡುವವರೇ ಇರಲಿಲ್ಲ.

ಅಜ್ಜಿ ಹುಚ್ಚಕ್ಕ ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ರಾಕ್ಷಸ ತನ್ನ ಜೀವವನ್ನು ಏಳು ಕೆರೆಯಾಚೆ ಒಂದು ಗಿಳಿಯ ಕೊರಳಲ್ಲಿ ಬಚ್ಚಿಟ್ಟಿದ್ದ. ಅಪ್ಪನ ಜೀವ ಕಿವಿಯಲ್ಲಿದೆ ಎಂದು ಮಗಳು ಸುವರ್ಣಮ್ಮನಿಗೆ ಚಿಕ್ಕಂದಿನಿಂದಲೂ ಅನಿಸುತ್ತಿತ್ತು. ಗಂಡ ತೀರಿಕೊಂಡು ತವರಿಗೆ ಮರಳಿದ ಮೇಲೆ ಅಪ್ಪನ ಜೊತೆ ಅಟ್ಟ ಹತ್ತುವ ಕೆಲಸ ಅವಳದಾಯಿತು. ಹೋದ ಮಳೆಗಾಲದಲ್ಲಿ ಒಂದು ದಿನ ಅಪ್ಪ ಕಾಯನ್ನು ಅಲ್ಲಾಡಿಸಿ, ಮತ್ತೆ ಅಲ್ಲಾಡಿಸಿ, ಸುಮ್ಮನೆ ಅವಳ ಮುಖ ನೋಡಿದರು. ಒಳಗಿನ ಗಿಟುಕು ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಏನು ಹೇಳಬೇಕೋ ತೋಚದೆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಗೈತೆ," ಎಂದು ಅಪ್ಪ ಕಾಯನ್ನು ರಾಶಿಗೆ ಹಾಕಿದರು.

ಅಂದಿನಿಂದ ಅದೇ ನಡೆದುಕೊಂಡು ಬಂತು. ಸದ್ದಿದ್ದರೆ ಅವಳ ಕೈ ಸೆರಗಿಗೆ, ಇಲ್ಲದಿದ್ದರೆ ಮಡಿಲಲ್ಲೇ. ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ಎದುರಿಗೆ ನಿಂತು ಆಡಿದ ಮಾತು ಅಪ್ಪನಿಗೆ ಇನ್ನೂ ದಕ್ಕುತ್ತಿದ್ದುದರಿಂದ ಮನೆಯಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ಬೆನ್ನ ಹಿಂದಿನವು, ಸಣ್ಣ ಸದ್ದಿನವು, ಒಂದೊಂದಾಗಿ ಅವರನ್ನು ಬಿಟ್ಟು ಹೋಗುತ್ತಿದ್ದವು.

ಜೀಪು ಬೇಕೆಂದು ಹಟ ಹಿಡಿದವನು ತೋಂಟದಾರ್ಯ. ತೋಟಕ್ಕೂ ರಸ್ತೆಗೂ ನಡುವೆ ಮರಳಿನ ಹಳ್ಳವಿತ್ತು. ಕಾಯಿ ತುಂಬಿದ ಗಾಡಿಯನ್ನು ಎತ್ತುಗಳು ಅದರಲ್ಲಿ ಮಂಡಿಯೂರಿ ಎಳೆಯಬೇಕು. ಬೇಸಿಗೆ ಬಂದರೆ ಕೆರೆಯ ಹೂಳನ್ನು ಮರದ ಬುಡಕ್ಕೆ ಹೊಡೆಯುವ ಕೆಲಸ ಬೇರೆ. ಮಿಲಿಟರಿಯವರು ಬಿಟ್ಟ ಜೀಪಿಗೆ ಟ್ರೈಲರ್ ಕಟ್ಟಿ, ನಾಲ್ಕು ಚಕ್ರವೂ ಸೇರಿ ಎಳೆಯುವುದನ್ನು ಆ ಕಡೆಯ ಒಬ್ಬಿಬ್ಬರು ಆಗಲೇ ತೋರಿಸಿಕೊಟ್ಟಿದ್ದರು. ಎತ್ತುಗಳನ್ನು ಹಳ್ಳದಾಚೆ ಹಟ್ಟಿಯ ಕ್ಯಾತಪ್ಪನಿಗೆ ಕೊಡುವುದೆಂದು ಮಾತಾಯಿತು. ಅವು ಮನೆಯ ಹಸುವಿನ ಕರುಗಳು. ಕೊರಳಿನ ಗಂಟೆಗಳನ್ನು ಅಪ್ಪನೇ ನಾದ ನೋಡಿ ಆರಿಸಿ ತಂದಿದ್ದರು. ಆದರೂ ಅವರು ಬೇಡವೆನ್ನಲಿಲ್ಲ. ತಿಪಟೂರಿಗೆ ಹೊರಡುವ ಬೆಳಿಗ್ಗೆ ಮಾತ್ರ, ಸುವರ್ಣಮ್ಮನೂ ಬರಲಿ ಎಂದರು. ಗಂಡ ಸತ್ತವಳನ್ನು ಮುಂದಿಟ್ಟುಕೊಂಡು ಯಾರಾದರೂ ಹೊಸ ಗಾಡಿ ತರಲು ಹೋಗುತ್ತಾರೆಯೇ ಎಂದು ಸೊಸೆ ದ್ರಾಕ್ಷಾಯಣಮ್ಮ ಒಲೆಯ ಮುಂದೆ ಗೊಣಗಿದ್ದು ಸುವರ್ಣಮ್ಮನಿಗೆ ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ. "ಅವ್ಳು ಬರ್ದಿದ್ರೆ ನಾನೂ ಬರಾಕಿಲ್ಲ," ಎಂದು ಜಗಲಿಯ ಮೇಲೆ ಕುಳಿತೇಬಿಟ್ಟಿದ್ದರು.

ಶೆಡ್ಡಿನಲ್ಲಿ ಎರಡು ಜೀಪುಗಳಿದ್ದವು. ಮೊದಲು ನೋಡಿದ್ದು ಹಸಿರು ಬಣ್ಣದ್ದು. ತುಕ್ಕು ಹಿಡಿದು, ಟಾರ್ಪಾಲು ಹರಿದು, ನೋಡಲು ಮುದಿ ಎಮ್ಮೆಯ ಹಾಗಿತ್ತು. ಶಂಭುಲಿಂಗಯ್ಯ ಹಿಂದೆ ಇಟ್ಟಿಗೆ ತುಂಬಿದ ಟ್ರೈಲರ್ ಸಿಕ್ಕಿಸಿ, ಮುಂದಿನ ಚಕ್ರಗಳಿಗೂ ಬಲ ಕೊಡುವ ಸಣ್ಣ ಲಿವರ್ ಎಳೆದು, ಅಂಗಳದಲ್ಲಿ ನಿಧಾನವಾಗಿ ಓಡಿಸಿದ. ಅದು ಒಂದೇ ಸಮನೆ ಗುರುಗುಟ್ಟುತ್ತ ಹೋಯಿತು. ಅಪ್ಪ ಅದರ ಮೈಮೇಲೆ ಕೈಯಿಟ್ಟು ಜೊತೆಗೇ ನಡೆದು, ಅವಳತ್ತ ನೋಡಿದರು. ಒಳಗೆ ಏನೂ ಅಲುಗುವ ಸದ್ದಿರಲಿಲ್ಲ. ಅವಳ ಕೈಯೂ ಅಲುಗಲಿಲ್ಲ.

ಈಗ ನೀಲಿಯ ಸರದಿ. ಹೊಸ ಬಣ್ಣದಲ್ಲಿ ಅದು ಮದುವೆಗಂಡಿನಂತೆ ಹೊಳೆಯುತ್ತಿತ್ತು. ಲಿವರ್ ಎಳೆದದ್ದೇ ಮುಂದಿನ ಚಕ್ರಗಳ ನಡುವೆ, ತಳದಲ್ಲೆಲ್ಲೋ, ಲೊಡಲೊಡ ಎಂದಿತು. ಇಂಜಿನ್ನಿನ ಅಬ್ಬರದಲ್ಲಿ ಉಳಿದವರಿಗೆ ಅದು ಬೇರೆಯಾಗಿ ಕೇಳಿಸಲಿಲ್ಲ. ಅಟ್ಟದ ಕತ್ತಲಲ್ಲಿ ಅದೊಂದೇ ಸದ್ದಿಗೆ ಕಾದು ಕುಳಿತು ಅಭ್ಯಾಸವಾದ ಅವಳಿಗೆ ಕೇಳಿಸಿತು. ಅಪ್ಪ ನೋಡಿದರು. ಅವಳ ಕೈ ಸೆರಗಿಗೆ ಹೋಯಿತು, ಎಳೆಯಿತು, ಸೊಂಟಕ್ಕೆ ಸಿಕ್ಕಿಸಿತು. ಆಮೇಲಷ್ಟೇ ಅವಳಿಗೆ ಹೊಳೆಯಿತು, ಅಪ್ಪನಿಗೆ ಸೆರಗು ಎಂದರೆ ಆಗಿದೆ ಎಂದೇ ಅರ್ಥ. ಕಾಯಿಯಾದರೆ ಸದ್ದು ಬೇಕು. ಜೀಪಿಗೆ?

"ಆಗೈತೆ," ಎಂದರು ಅಪ್ಪ.

"ಏನಾಗೈತೆ ಯಜಮಾನ್ರೆ?" ಎಂದ ಶಂಭುಲಿಂಗಯ್ಯ ಗಾಬರಿಯಿಂದ.

"ಇದೇ ಆಗ್ಲಿ ಅಂದೆ."

"ಅಪ್ಪಾ, ಆ ಹಸಿರುದನ್ನ ಇನ್ನೊಂದ್ಸಲ ನೋಡು," ಎಂದಳು ಸುವರ್ಣಮ್ಮ. ಅಪ್ಪ ಆಗಲೇ ಬೆನ್ನು ತಿರುಗಿಸಿದ್ದರು. ಕೇಳಿಸಿದ್ದು ತಮ್ಮ ತೋಂಟದಾರ್ಯನಿಗೆ.

"ಅಟ್ಟದ ಮ್ಯಾಲೆ ಕೂತು ಕಾಯಿ ಉಳ್ಳಿಸ್ದಂಗಲ್ಲ ಕಣಕ್ಕ ಇದು. ಅಪ್ಪನ ಕಿವಿಗಿಂತ ನಿಂದು ದೊಡ್ಡದಾ?"

ಶಂಭುಲಿಂಗಯ್ಯ ನಕ್ಕ. ಒಳಗೆ ಸದ್ದಿದೆ ಎಂದು ಅವಳು ಅಂದರೆ, ಅಪ್ಪನಿಗೇಕೆ ಕೇಳಿಸಲಿಲ್ಲ ಎಂದು ತಮ್ಮ ಕೇಳುತ್ತಾನೆ. ಅದಕ್ಕೆ ಇಷ್ಟು ಜನರ ಮುಂದೆ ಅವಳು ಉತ್ತರ ಹೇಳಬೇಕು. ಸುವರ್ಣಮ್ಮ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಕೆಳಗೆ ಬಿಟ್ಟಳು. ಅದನ್ನು ಯಾರೂ ನೋಡುತ್ತಿರಲಿಲ್ಲ. ವ್ಯಾಪಾರ ಮುಗಿದ ಗುರುತಿಗೆ ಶಂಭುಲಿಂಗಯ್ಯ ಅಪ್ಪನ ಕೈಗೆ ವೀಳ್ಯ ಕೊಟ್ಟಾಗಿತ್ತು.

ಬರುವಾಗ ಅಪ್ಪ ಮಗನ ಪಕ್ಕ ಕೂರದೆ ಹಿಂದೆ ಅವಳ ಜೊತೆ ಕುಳಿತರು. ಬಹಳ ದಿನದ ಮೇಲೆ ಅವರ ಮುಖ ಹಗುರವಾಗಿತ್ತು. ನೊಣವಿನಕೆರೆಯ ಏರಿಯ ಮೇಲೆ ಗಾಳಿ ಬೀಸಿದಾಗ ಅವಳ ಮೊಣಕೈ ತಟ್ಟಿ, "ನಾವಿಬ್ರೂ ಸೇರಿ ಆರ್ಸಿದ್ದು ಕಣವ್ವ," ಎಂದರು. ಅಷ್ಟು ದಿನಗಳಲ್ಲಿ ಅವರು ಅದರ ಬಗ್ಗೆ ಬಾಯಿಬಿಟ್ಟದ್ದು ಅದೊಂದೇ ಸಲ. ಮುಂದೆ ಕುಳಿತ ತೋಂಟದಾರ್ಯನಿಗೆ ಇಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಸುವರ್ಣಮ್ಮ ಕೆರೆಯ ನೀರನ್ನು ನೋಡುತ್ತ ಕುಳಿತಳು. ಈಗಲಾದರೂ ತಮ್ಮನ ಭುಜ ಮುಟ್ಟಿ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಊರ ಬೇವಿನ ಮರ ಕಾಣಿಸಿತು.

ಸಂಜೆ ಕ್ಯಾತಪ್ಪ ಬಂದು ಎತ್ತುಗಳನ್ನು ಹೊಡೆದುಕೊಂಡು ಹೋದ. ಗಂಟೆಗಳನ್ನು ಬಿಚ್ಚಿಕೊಳ್ಳಿರೆಂದು ಅವನೇ ಹೇಳಿದರೂ, ಅವುಗಳ ಜೊತೆಗೇ ಇರಲಿ ಎಂದರು ಅಪ್ಪ.

ರಸ್ತೆಯ ಮೇಲೆ ಆ ಸಣ್ಣ ಲಿವರ್ ಬೇಕಾಗುತ್ತಿರಲಿಲ್ಲ. ಜೀಪು ಮಠದ ಬೀದಿಯಲ್ಲಿ ಸುಮ್ಮನೆ ಓಡಾಡಿತು, ಊರವರು ಮುಟ್ಟಿ ನೋಡಿದರು. ತಾನು ಕೇಳಿದ್ದೇ ಸುಳ್ಳಿರಬಹುದು ಎಂದು ಸುವರ್ಣಮ್ಮ ನಂಬತೊಡಗಿದಳು. ಕಾಯಿ ಕೀಳಿಸಿದ ದಿನ, ಟ್ರೈಲರ್ ತುಂಬ ಹೊರೆಯೊಂದಿಗೆ ಜೀಪು ಹಳ್ಳಕ್ಕೆ ಇಳಿಯಿತು. ತೋಂಟದಾರ್ಯ ಲಿವರ್ ಎಳೆದ. ನಾಲ್ಕು ಮಾರು ಹೋಗುವಷ್ಟರಲ್ಲಿ ಕೆಳಗೆ ಏನೋ ಕಡಕ್ಕೆಂದು ಮುರಿದು, ಹಿಂದಿನ ಚಕ್ರಗಳು ಮರಳನ್ನು ತೋಡಿಕೊಂಡು ಕೂತವು. ಕಾಯಿಗಳು ಉರುಳಿ ಹಳ್ಳದ ತುಂಬ ಚೆಲ್ಲಿದವು.

ಜೀಪನ್ನು ಎಳೆಸಲು ಕ್ಯಾತಪ್ಪನಿಗೆ ಹೇಳಿಕಳಿಸಿದರು. ತಿಪಟೂರಿನಿಂದ ಬಂದ ಮೆಕ್ಯಾನಿಕ್ ಹೊಟ್ಟೆಯ ಮೇಲೆ ತೆವಳಿ ಒಳಹೊಕ್ಕು, ಹೊರಬಂದು, ಅಂಗೈ ಚಾಚಿದ. ಅದರಲ್ಲಿ ಮುರಿದ ಹಲ್ಲುಚಕ್ರದ ಚೂರುಗಳಿದ್ದವು.

"ಇದು ನಿನ್ನೆ ಮೊನ್ನೆ ಸವ್ದಿದ್ದಲ್ಲ ಕಣ್ರೀ," ಎಂದ. "ತರೋವಾಗ್ಲೇ ಲೊಡಲೊಡ ಅಂತಿರ್ಬೇಕು. ಯಾರ್ಗೂ ಕೇಳಿಸ್ಲಿಲ್ವಾ?"

ತೋಂಟದಾರ್ಯ ಅಪ್ಪನತ್ತ ತಿರುಗಿದ. ಅವರು ಬೆನ್ನು ಹಾಕಿ, ಹೂತ ಚಕ್ರವನ್ನೇ ನೋಡುತ್ತ ನಿಂತಿದ್ದರು.

"ಅಪ್ಪಾ, ಅವತ್ತು ಸದ್ದಿತ್ತಾ?"

ಅವರು ತಿರುಗಲಿಲ್ಲ.

"ಅಪ್ಪಾ."

ಆಗ ದಡದ ಮೇಲಿಂದ ಗಂಟೆಗಳ ದನಿ ಬಂತು. ಮೆಕ್ಯಾನಿಕ್ ತಿರುಗಿ ನೋಡಿದ. ಕಾಯಿ ಆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಕ್ಯಾತಪ್ಪ ಎತ್ತುಗಳನ್ನು ಇಳಿಸುತ್ತಿದ್ದ. ಅಪ್ಪನೊಬ್ಬರೇ ಚಕ್ರದ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ. ತೋಂಟದಾರ್ಯ ಅವರ ಬೆನ್ನನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಅಕ್ಕನ ಕಡೆ ನೋಡಿದ. ಸುವರ್ಣಮ್ಮ ಸೆರಗಿನ ಅಂಚನ್ನು ಮುಷ್ಟಿಯೊಳಗೆ ಹಿಡಿದು ನಿಂತಿದ್ದಳು.

ಎತ್ತುಗಳಲ್ಲೊಂದು ಹತ್ತಿರ ಬಂದು, ಹಳೆಯ ಗುರುತಿಗೆ, ಅಪ್ಪನ ಬೆನ್ನಿಗೆ ಮೂತಿ ತಾಗಿಸಿತು. ಬಿಸಿಯುಸಿರು ಸೋಕಿದ್ದೇ ಅವರು ಬೆಚ್ಚಿ ತಿರುಗಿದರು. ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ತಡವಿದರು. ಬೆರಳಿಗೆ ಗಂಟೆ ಸಿಕ್ಕಿತು. ಬಗ್ಗಿ ಅದನ್ನು ಕಿವಿಯ ಹತ್ತಿರಕ್ಕೆ ಎತ್ತಿ, ಒಮ್ಮೆ ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು.

ಆಮೇಲೆ ತಲೆಯೆತ್ತಿ ಸುವರ್ಣಮ್ಮನ ಮುಖ ನೋಡಿದರು.