ಕಿಟಕಿಯೆದುರಿನ ಮೂಲೆ

ಟಪ್.

ಹಿತ್ತಲ ನಲ್ಲಿ ತೊಟ್ಟಿಕ್ಕಿದ ಸದ್ದು. ರಾತ್ರಿ ಎರಡಾಗಿತ್ತು. ಗಂಡನ ಶವದ ಪಕ್ಕ ಕೂತಿದ್ದ ಆಕೆ ಎದ್ದು ಹೋಗಿ, ಬಕೆಟ್ಟನ್ನು ಕೆಳಗಿಟ್ಟು ನಲ್ಲಿ ತಿರುಗಿಸಿದಳು. ಅರ್ಧ ತುಂಬಿದ ಮೇಲೆ ತಾನೇನು ಮಾಡುತ್ತಿದ್ದೇನೆಂದು ಅರಿವಾಗಿ, ನಿಲ್ಲಿಸಿ ಒಳಗೆ ಬಂದಳು. ಹದಿನೇಳು ಬೇಸಿಗೆಗಳ ರೂಢಿ. ಕಾಲು ತಾನಾಗಿಯೇ ನಡೆದಿತ್ತು.

ಬೆಳಿಗ್ಗೆ ಗ್ರಂಥಾಲಯದ ಕೆಲಸಗಾರರು ಆವರಣದಲ್ಲೇ ಇದ್ದ ಆಕೆಯ ಮನೆಯೆದುರು ಹುಲ್ಲುಹಾಸಿನ ಅಂಚಿಗೆ ಕುರ್ಚಿ ಹಾಕಿದರು. ಶವ ಒಯ್ಯುವ ವಾಹನ ಹನ್ನೊಂದಕ್ಕೆ ಬರುವುದಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಾಲಿಯಾಗಿದ್ದ ಗಂಡ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರೂ ಅವನ ಹುಲ್ಲು ಹಸಿರಾಗಿಯೇ ಇತ್ತು. ಮೇಲಧಿಕಾರಿಯ ಕಿಟಕಿಯೆದುರಿನ ಮೂಲೆ ಮಾತ್ರ ಪ್ರತಿ ವರ್ಷದಂತೆ ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು.

“ಅಣ್ಣ ಹುಲ್ಲಿಗೂ ಉಪವಾಸ ಮಾಡಿಸ್ತಿದ್ದ,” ಎಂದ ಪೈಪು ರಿಪೇರಿಯವನು, ಮಾಲಿಯ ಹಳೆಯ ಗೆಳೆಯ. “ವಾರಕ್ಕೊಂದೇ ಸಲ ನೀರು. ನಾವೆಲ್ಲ ಬಾಯಾರಿಕೆ ಮಾಲಿ ಅಂತಲೇ ಕರೀತಿದ್ವಿ.”

“ಆ ಮೂಲೆ ಮಾತ್ರ ಅಪ್ಪನ ಮಾತು ಕೇಳಲೇ ಇಲ್ಲ, ಮಾವ,” ಎಂದಳು ಮಗಳು. “ಪ್ರತಿ ಬೇಸಿಗೆ ಅದಕ್ಕೋಸ್ಕರ ಬೈಸ್ಕೊಂಡು ಬರ್ತಿದ್ರು.”

ತಾಯಿ ಸೆರಗಿನ ಅಂಚನ್ನು ನೋಡುತ್ತ ಕೂತಳು.

*

ಗಂಡ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಮೇಲಧಿಕಾರಿ ಕಿಟಕಿಯಿಂದಲೇ ಬೆರಳು ತೋರಿಸಿ, ಈ ಮೂಲೆ ಒಣಗಿದರೆ ನಿನ್ನ ಕೆಲಸವೂ ಒಣಗಿತೆಂದು ತಿಳಿ ಎಂದಿದ್ದ. ಗಂಡ ಮನೆಗೆ ಬಂದು ಅದನ್ನು ಹೇಳಿಕೊಂಡು ನಕ್ಕ.

“ದಿನಾ ಚೂರು ಚೂರು ಕೊಟ್ರೆ ಬೇರು ಮೇಲೇ ಕೂತ್ಕೊಳತ್ತೆ ಕಣೇ. ಒಂದು ಸಲ ಹೊಟ್ಟೆ ತುಂಬ ಕೊಡ್ಬೇಕು, ಆಮೇಲೆ ಬಾಯಾರಿಸ್ಬೇಕು. ಬಾಯಾರಿದ್ರೆ ತಾನೇ ಅದು ಕೆಳಗಿಳಿದು ಹುಡುಕೋದು?”

“ಹುಡುಕೋಷ್ಟರಲ್ಲಿ ಸತ್ತೋದ್ರೆ? ನಮ್ಮ ಗತಿ?”

“ನೀನು ಮಲಕ್ಕೋ.”

ಆಕೆಗೆ ನಿದ್ದೆ ಹತ್ತಲಿಲ್ಲ. ಈ ಎರಡು ಕೋಣೆಯ ಮನೆ, ಮಗಳ ಶಾಲೆ, ಎಲ್ಲವೂ ಆ ಕಿಟಕಿಗೆ ಕಾಣುವ ಹುಲ್ಲಿನ ಮೇಲೆ ನಿಂತಂತಿತ್ತು. ಗಂಡನ ಗೊರಕೆ ಹದಕ್ಕೆ ಬಂದ ಮೇಲೆ ಎದ್ದು, ಎರಡು ಬಕೆಟ್ಟು ನೀರನ್ನು ಚೊಂಬಿನಿಂದ ಆ ಮೂಲೆಗೆ ಚಿಮುಕಿಸಿ ಬಂದಳು. ನಲ್ಲಿ ಕಿರ್ರೆನ್ನುತ್ತಿತ್ತು, ತಿರುಗಿಸುವಾಗೆಲ್ಲ ಗಂಡ ಎದ್ದನೇ ಎಂದು ಕಿವಿಗೊಡುತ್ತಿದ್ದಳು.

ಆದರೂ ಮೂಲೆ ಒಣಗಿತು. ಉಳಿದೆಡೆಯ ಹಸಿರನ್ನು ನೋಡಿ ಮೇಲಧಿಕಾರಿ ಕೆಲಸದಿಂದ ತೆಗೆಯದೆ ಬೈದಷ್ಟಕ್ಕೇ ಬಿಟ್ಟ. ಮರುವರ್ಷವೂ ಒಣಗಿತು. ಒಣಗಿದಷ್ಟೂ ಆಕೆ ಹೆಚ್ಚು ರಾತ್ರಿ ಎದ್ದಳು. ಗಂಡನ ಹಟ ಆ ಮೂಲೆಯನ್ನು ಕೊಲ್ಲುತ್ತಿದೆ, ತನ್ನ ನೀರೇ ಅಷ್ಟಿಷ್ಟು ಜೀವ ಹಿಡಿದಿದೆ ಎಂದು ನಂಬಿದ್ದಳು. ಅಷ್ಟರಲ್ಲಿ ನಲ್ಲಿಯ ಕಿರುಚಾಟವೂ ನಿಂತಿತ್ತು. ಬಳಸಿ ಬಳಸಿ ಸವೆದಿರಬೇಕು ಅಂದುಕೊಂಡಳು.

*

ಮಾಲಿಯ ಬದಲಿಗೆ ಬಂದಿದ್ದ ತೋಟದ ಕೆಲಸದವಳಿಗೆ ಕೈಕಟ್ಟಿ ಕೂರುವುದು ಗೊತ್ತಿರಲಿಲ್ಲ. ಎದ್ದು ಹೋಗಿ ಕೈಗುದ್ದಲಿಯಿಂದ ಹುಲ್ಲುಹಾಸಿನ ನಡುವೆ ಒಂದು ಹಿಡಿ, ಮೂಲೆಯಲ್ಲಿ ಒಂದು ಹಿಡಿ ಹುಲ್ಲು ಕಿತ್ತು ತಂದಳು. ಮೊದಲನೆಯದರ ಬೇರು ಗೇಣುದ್ದ ಇತ್ತು. ಎರಡನೆಯದರ ಬೇರು ಉಗುರಿನಷ್ಟು.

“ಇದು ಬರೀ ಬಿಸಿಲಿಗೆ ಹೋಗಿದ್ದಲ್ಲ. ಯಾರೋ ದಿನಾ ಚೂರು ಚೂರು ನೀರು ಕುಡಿಸಿದ್ದಾರೆ. ಬೇರು ಇಳಿದೇ ಇಲ್ಲ, ಚಾಪೆ ಹಾಗೆ ಎದ್ದು ಬರ್ತಿದೆ.”

“ಅಪ್ಪ ಹಾಗೆ ಮಾಡೋರಲ್ಲ,” ಎಂದಳು ಮಗಳು, ಗಡುಸಾಗಿ.

“ನಾನೂ ಅದನ್ನೇ ಹೇಳ್ತಿರೋದು. ಉಳಿದಿದ್ದೆಲ್ಲ ಅವರ ಕೈ. ಇದು ಬೇರೆಯವರ ಕೈ.”

ತಾಯಿ ಆ ಉಗುರಿನಷ್ಟು ಬೇರನ್ನೇ ನೋಡಿದಳು. ಗಂಡ ತಿಂದ ಹದಿನೇಳು ವರ್ಷದ ಬೈಗುಳ.

ಪೈಪು ರಿಪೇರಿಯವನು ಮಾತು ಬದಲಿಸಿದ. “ಅಕ್ಕಾ, ಹಿತ್ತಲ ನಲ್ಲಿ ಸೋರ್ತಿದೆ, ವಾಷರ್ ಹಾಕಿ ಹೋಗ್ಲಾ? ಅಣ್ಣ ನನ್ನನ್ನ ಅದಕ್ಕೆ ಕೈ ಹಚ್ಚೋಕೆ ಬಿಟ್ಟೋನಲ್ಲ. ಬೇಸಿಗೆ ಶುರುವಾದ ತಕ್ಷಣ ನನ್ನ ಹತ್ರ ಗ್ರೀಸ್ ಇಸ್ಕೊಂಡು ಹೋಗಿ ತಾನೇ ಹಚ್ಚೋನು. ರಾತ್ರಿ ಸದ್ದು ಮಾಡತ್ತೆ, ಅವಳು ಹೆದರ್ಕೋತಾಳೆ ಅನ್ನೋನು. ರಾತ್ರಿ ನಲ್ಲಿ ಯಾರಯ್ಯ ತಿರುಗಿಸ್ತಾರೆ ಅಂದ್ರೆ ನಕ್ಕು ಸುಮ್ಮನಾಗೋನು. ಈ ಸಲ ಕಾಯಿಲೆಯಲ್ಲೂ ಮಗಳ ಕೈಲಿ ಗ್ರೀಸ್ ತರಿಸ್ಕೊಂಡು ಎದ್ದು ಹೋಗಿ ಹಚ್ಚಿದ್ನಂತೆ.”

“ಮುಖ ತೊಳೆದು ಬರ್ತೀನಿ,” ಎಂದು ಆಕೆ ಎದ್ದಳು.

ಹಿತ್ತಲಲ್ಲಿ ರಾತ್ರಿಯ ಅರ್ಧ ಬಕೆಟ್ಟು ನೀರು ಹಾಗೇ ನಿಂತಿತ್ತು. ನಲ್ಲಿ ತಿರುಗಿಸಿದಳು. ಸದ್ದೇ ಇಲ್ಲ. ತಿರುಪಿನ ಸಂದಿಯ ಗ್ರೀಸು ಇನ್ನೂ ಹಸಿಯಾಗಿತ್ತು. ಬಲಗೈ ಬೆರಳ ತುದಿಗೆ ಕಪ್ಪಗೆ ಅಂಟಿತು.

ಮಗಳು ಹಿಂದೆಯೇ ಬಂದಳು. “ಅಮ್ಮ, ಆ ಮೂಲೆಗೆ ಯಾರಮ್ಮ ನೀರು ಹಾಕ್ತಿದ್ದಿದ್ದು? ನಿಂಗೇನಾದ್ರೂ ಗೊತ್ತಾ?”

ಗೊತ್ತಿದ್ದೂ ಗಂಡ ಯಾರಿಗೂ ಹೇಳಿರಲಿಲ್ಲ, ತನಗೂ. ಇನ್ನು ಇದು ತನ್ನ ಬಾಯಿಂದಲೂ ಹೊರಬೀಳುವುದಿಲ್ಲ.

“ಗೊತ್ತಿಲ್ಲ ಕಣೇ,” ಎಂದಳು.

ಗೇಟಿನ ಬಳಿ ವಾಹನ ಬಂದು ನಿಂತ ಸದ್ದಾಯಿತು. ಮಗಳು ಟವೆಲ್ಲು ಚಾಚಿದಳು. ಆಕೆ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಮುಖ ಒರೆಸಿಕೊಂಡಳು, ಬಲಗೈಯ ಮುಷ್ಟಿ ಬಿಚ್ಚದೆ.