ಕಪ್ಪು ಕಾಣಲಿಲ್ಲ

ಡಾಕ್ಟರೇ ಇಲ್ಲದ ಆ ಎರಡು ಕೋಣೆಯ ಆಸ್ಪತ್ರೆಯನ್ನು ಹನ್ನೊಂದು ವರ್ಷಗಳಿಂದ ಒಬ್ಬರೇ ನಡೆಸುತ್ತಿದ್ದವರನ್ನು ಎಲ್ಲರೂ ಅರ್ಧ ಡಾಕ್ಟ್ರು ಎನ್ನುತ್ತಿದ್ದರು. ನಾನು ಕೊಟ್ಟ ತರಬೇತಿಯ ಮೊದಲ ದಿನ ಅವರೇ ಅದನ್ನು ಹೇಳಿ ನಗಿಸಿದ್ದರು. "ನನ್ನ ಹತ್ರ ಬಂದ್ರೆ ಅರ್ಧ ಕಾಯಿಲೆ ವಾಸಿ ಮೇಡಂ. ಇನ್ನರ್ಧ ದೇವರ ಪಾಲು."

ಈಗ ಅವರು ನನ್ನೆದುರು ಸ್ಟೂಲಿನ ಮೇಲೆ ಕೈಕಟ್ಟಿಕೊಂಡು ಕೂತಿದ್ದರು. ಮೂರು ದಿನದ ಹಿಂದೆ ಗೋಡೆಗೆ ಬಣ್ಣ ಬಳಿಯುತ್ತಿದ್ದ ಹುಡುಗಿಯೊಬ್ಬಳು ಹಲಗೆಯಿಂದ ಜಾರಿ, ಎಡಪಕ್ಕೆ ಕೆಳಗಾಗಿ ಬಿದ್ದಿದ್ದಳು. ನಾನು ಕಲಿಸಿದ ಸಣ್ಣ ಸ್ಕ್ಯಾನಿಂಗ್ ಯಂತ್ರ ಹಿಡಿದು ಇವರು ಅವಳ ಹೊಟ್ಟೆ ನೋಡಿ, ಒಳಗೆ ರಕ್ತವಿಲ್ಲ ಎಂದರು. ಸಂಜೆ ಐದಕ್ಕೆ ಅವಳು ಸತ್ತಳು. ಒಳಗೆಲ್ಲ ರಕ್ತವೇ ಇತ್ತು.

ಯಾರ ತಪ್ಪೆಂದು ಬರೆದು ತರಲು ಮೇಲಿನವರು ನನ್ನನ್ನೇ ಕಳಿಸಿದ್ದರು. ಕೊಟ್ಟ ಕಾಗದದಲ್ಲಿ ಮೂರು ಚೌಕಗಳಿದ್ದವು. ಬಳಸಿದವರ ತಪ್ಪು ಎಂದರೆ ಅರ್ಧ ಡಾಕ್ಟರ ಕೆಲಸ ಹೋಗುತ್ತದೆ. ತರಬೇತಿಯ ತಪ್ಪು ಎಂದರೆ ನಾನು ಕಲಿಸಿದ ಅರವತ್ತೊಂದು ಕಡೆಯ ಯಂತ್ರಗಳೂ ಬೀರು ಸೇರುತ್ತವೆ. ಮತ್ತೆ ಹೊರಬರಲು ಏನಿಲ್ಲವೆಂದರೂ ವರ್ಷ ಬೇಕು. ಯಂತ್ರದ ದೋಷ ಎಂದರೆ ಯಾರಿಗೂ ಏನೂ ಆಗುವುದಿಲ್ಲ.

"ಅವತ್ತಿನ ಚಿತ್ರ ಇದೆಯಾ?" ಎಂದೆ.

"ಅಳಿಸಿಲ್ಲ ಮೇಡಂ. ಅಳಿಸೋಕೆ ಕೈ ಬರಲಿಲ್ಲ."

ಅವರು ಯಂತ್ರಕ್ಕೆ ಜೋಡಿಸುವ ಫೋನ್ ಮುಂದಿಟ್ಟರು. ತೆರೆಯುವ ಮೊದಲು ಕಣ್ಣು ಮುಚ್ಚಿ, ಯಂತ್ರ ಕೆಟ್ಟಿರಲಿ ತಂದೆ, ಎಂದು ಬೇಡಿಕೊಂಡೆ. ಅಂಥ ಬೇಡಿಕೆಯನ್ನು ಯಾವ ಬಾಯಲ್ಲಿ ಬೇಡಿದೆನೋ.

ಯಂತ್ರ ನೆಟ್ಟಗಿತ್ತು. ಚಿತ್ರ ನಿಚ್ಚಳವಾಗಿತ್ತು. ಹಿಡಿದ ಕೈಯೂ ಅಲುಗಿರಲಿಲ್ಲ. ಕಲಿತವರಲ್ಲಿ ಇಷ್ಟು ಸ್ಥಿರವಾಗಿ ಹಿಡಿದವರು ನಾಲ್ಕೈದು ಮಂದಿ ಇರಬಹುದು. ಎಡಪಕ್ಕೆಯೊಳಗಿನ ಗುಲ್ಮದ ಸುತ್ತ ದಪ್ಪ ಅಂಚೊಂದು ಬೂದು ಬಣ್ಣದಲ್ಲಿ ಅಂಟಿಕೊಂಡು ನಿಂತಿತ್ತು.

"ಇದೇನು ಅಂದ್ಕೊಂಡ್ರಿ?"

"ಮಾಂಸ." ಅವರು ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವರಂತೆ ನೆಟ್ಟಗೆ ಕೂತು ಹೇಳಿದರು:

"ಕಪ್ಪು ಕಂಡರೆ ನೀರು, ಬೂದು ಕಂಡರೆ ಮಾಂಸ,
ಬೆಳ್ಳಗೆ ಹೊಳೆದರೆ ಎಲುಬೆನ್ನು;
ಹೊಟ್ಟೆಯೊಳಗೆ ಕರಿಗೆರೆ ಹರಿದರೆ ನೆತ್ತರು,
ತಡೆಯದೆ ವ್ಯಾನಿಗೆ ಬಾರೆನ್ನು."

ಒಂದಕ್ಷರ ತಪ್ಪಲಿಲ್ಲ. ಪದ್ಯ ನನ್ನದು. ನಮ್ಮ ಮನೆಯಲ್ಲಿ ಕೇಳಿದ್ದನ್ನು ಬಾಯಿಪಾಠ ಮಾಡಿಕೊಂಡೇ ಕಲಿತವಳು ನಾನು; ಮೂರು ದಿನದಲ್ಲಿ ಕಲಿಸಬೇಕಾದ್ದನ್ನು ಪದ್ಯ ಮಾಡಿದರೆ ಯಾರೂ ಮರೆಯುವುದಿಲ್ಲ ಎಂದು ನಂಬಿದ್ದೆ. ನಿಜ, ಯಾರೂ ಮರೆತಿಲ್ಲ.

ಹರಿಯುವ ರಕ್ತ ಕಪ್ಪಾಗಿ ಕಾಣುತ್ತದೆ. ಹೆಪ್ಪುಗಟ್ಟಿದ್ದು ಬೂದಾಗಿ, ಮಾಂಸದ ಹಾಗೆಯೇ ಕಾಣುತ್ತದೆ. ಇದು ನನಗೆ ಗೊತ್ತಿತ್ತು. ಆ ಮಾತು ಪದ್ಯದಲ್ಲಿ ಕೂರಲಿಲ್ಲ. ಎಷ್ಟು ತಿರುಚಿದರೂ ಲಯ ಕೆಡುತ್ತಿತ್ತು. ಬಾಯಲ್ಲೇ ಹೇಳಿದರಾಯಿತು ಎಂದುಕೊಂಡೆ. ಮೂರನೆಯ ದಿನ ಕರೆಂಟು ಹೋಯಿತು, ಹಚ್ಚುವ ಜೆಲ್ ಮುಗಿಯಿತು, ಸರ್ಟಿಫಿಕೇಟು ಕೊಡಲು ಸಾಹೇಬರು ಬೇಗ ಬಂದರು. ಹೇಳಲಿಲ್ಲ.

"ಕಪ್ಪು ಕಾಣಲಿಲ್ಲ ಮೇಡಂ," ಎಂದರು ಅರ್ಧ ಡಾಕ್ಟ್ರು. "ಮೂರು ಸಲ ನೋಡಿದೆ. ಹೊತ್ತು ಹೋಗ್ತಾ ಹೋಗ್ತಾ ನಾಡಿ ಮಾತ್ರ ಜೋರಾಗ್ತಿತ್ತು. ತೊಂಬತ್ತಾರಿತ್ತು, ನೂರಾ ಹದಿನೆಂಟಾಯ್ತು. ನೋವಿಗೆ ಓಡ್ತಿದೆ ಅಂದ್ಕೊಂಡೆ. ಯಂತ್ರ ಇಲ್ದೆ ಇದ್ದಿದ್ರೆ ನಾಡಿ ನೋಡೇ ಕಳಿಸಿಬಿಡ್ತಿದ್ದೆ."

ನಾನು ಕಾಗದದ ಕಡೆ ನೋಡಿದೆ. ಯಂತ್ರದ ದೋಷ ಎಂಬ ಚೌಕದ ಮೇಲೆ ಪೆನ್ನಿಟ್ಟೆ. ಯಂತ್ರಕ್ಕೆ ಹೆಂಡಿರು ಮಕ್ಕಳಿಲ್ಲ, ಅದು ಎದುರಾಡುವುದೂ ಇಲ್ಲ.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕೈಬೆರಳ ಸಂದಿಯಲ್ಲಿ ಇನ್ನೂ ಹಳದಿ ಬಣ್ಣ ಉಳಿದಿದ್ದ ಹೆಂಗಸು. ಸತ್ತವಳ ಅಕ್ಕ. ಇಬ್ಬರೂ ಒಂದೇ ಹಲಗೆಯ ಮೇಲೆ ಕೆಲಸ ಮಾಡುತ್ತಿದ್ದರಂತೆ.

"ದೊಡ್ಡ ಮೇಡಂ ಬಂದಿದಾರೆ ಅಂದ್ರು. ಒಂದು ಮಾತು ಕೇಳಿ ಹೋಗ್ತೀನಿ."

"ಕೂತ್ಕೊಳ್ಳಮ್ಮ."

ಅವಳು ಕೂರಲಿಲ್ಲ. "ಅವತ್ತು ಸಿಮೆಂಟ್ ಲಾರಿಯವನು ಬಂದಿದ್ದ. ಪೇಟೆಗೆ ಹೋಗ್ತಿದೀನಿ, ದೊಡ್ಡಾಸ್ಪತ್ರೆಗೆ ಬಿಡ್ತೀನಿ, ಹತ್ತಿಸಕ್ಕಾ ಅಂದ. ಇವರು ಫೋನಲ್ಲಿ ತೋರ್ಸಿ ಕಪ್ಪಿಲ್ಲಮ್ಮ, ಭಯ ಇಲ್ಲ ಅಂದ್ರು. ನಾನೇ ಲಾರಿ ವಾಪಸ್ ಕಳಿಸ್ದೆ. ಅವಳು ಹೋಗೋಣ ಅಕ್ಕಾ ಅಂದ್ಲು. ಸುಮ್ನಿರೇ, ಎಲ್ಲದಕ್ಕೂ ಆಡ್ಬೇಡ ಅಂತ ಗದರ್ದೆ."

ಬೆರಳ ಸಂದಿಯ ಬಣ್ಣವನ್ನು ಉಗುರಿನಿಂದ ಕೆರೆದಳು.

"ನಮ್ಮಮ್ಮ ನನ್ನ ಹತ್ರ ಮಾತು ಬಿಟ್ಟಿದಾಳೆ. ಒಡಹುಟ್ಟಿದವಳನ್ನ ಕೈಯಾರೆ ಕಳ್ಕೊಂಡೆಯಲ್ಲೇ ಅಂತಾಳೆ. ಅದು ಸರೀನೇ. ಆದ್ರೂ ಕೇಳೋಣ ಅಂತ ಬಂದೆ. ಲಾರಿ ಹತ್ತಿಸಿದ್ರೆ ಬದುಕ್ತಿದ್ಲಾ?"

ಅರ್ಧ ಡಾಕ್ಟ್ರು ತಲೆ ತಗ್ಗಿಸಿದರು. ಯಂತ್ರ ಕೆಟ್ಟಿತ್ತು ಎಂದು ಬರೆದರೂ ಲಾರಿ ಕಳಿಸಿದ ತಪ್ಪು ಇವಳ ಮೇಲೆ ಹಾಗೇ ಉಳಿಯುತ್ತದೆ.

"ಬದುಕ್ತಿದ್ಲು ಅನ್ಸತ್ತೆ," ಎಂದೆ. "ಆದ್ರೆ ಲಾರಿ ಕಳಿಸಿದ್ದು ನೀನಲ್ಲ ತಾಯಿ. ಚಿತ್ರದಲ್ಲಿ ರಕ್ತ ಇತ್ತು. ಇಲ್ನೋಡು, ಈ ಅಂಚು. ಹೆಪ್ಪುಗಟ್ಟಿದ ರಕ್ತ ಕಪ್ಪಗಿರಲ್ಲ, ಹೀಗೆ ಬೂದು. ನನಗೆ ಗೊತ್ತಿತ್ತು. ಇವರಿಗೆ ನಾನು ಹೇಳ್ಕೊಡ್ಲಿಲ್ಲ."

"ಮರೆತ್ರಾ?"

"ಪದ್ಯಕ್ಕೆ ಹೊಂದಲಿಲ್ಲ ಅಂತ ಬಿಟ್ಟೆ."

ಅವಳಿಗೆ ಅರ್ಥವಾಗಲಿಲ್ಲ. ಆಗುವಂಥ ಮಾತೂ ಅದಲ್ಲ.

ತರಬೇತಿಯ ತಪ್ಪು ಎಂಬ ಚೌಕಕ್ಕೆ ಗುರುತು ಹಾಕಿ, ಕೆಳಗೆ ಕಾರಣ ಬರೆದೆ. ಅರ್ಧ ಡಾಕ್ಟ್ರು ಬಗ್ಗಿ ಓದಿದರು.

"ಎಲ್ಲಾ ಕಡೆ ನಿಲ್ಲಿಸಿಬಿಡ್ತಾರೆ ಮೇಡಂ. ಅಲ್ಲೆಲ್ಲ ಇದೇ ಯಂತ್ರದಿಂದ ಬದುಕಿದೋರಿದಾರೆ. ಇನ್ನು ಮುಂದೆ ಸಾಯೋರು ಯಾರ ಲೆಕ್ಕಕ್ಕೆ?"

"ಗೊತ್ತಿಲ್ಲ."

"ನನ್ನ ಹೆಸರೇ ಬರೀಬಹುದಿತ್ತು. ನಾಡಿ ನೋಡಿದ್ದು ನಾನೇ ತಾನೆ."

ಕಾಗದ ತಲುಪುವುದಕ್ಕೆ ಮೊದಲೇ ಎಲ್ಲರಿಗೂ ಸುದ್ದಿ ಮುಟ್ಟಲಿ ಎಂದು ಅರವತ್ತೊಂದು ಜನರಿಗೂ ಫೋನಿನಲ್ಲಿ ಬರೆದು ಕಳಿಸಿದೆ: ಹೆಪ್ಪುಗಟ್ಟಿದ ರಕ್ತ ಬೂದು ಬಣ್ಣಕ್ಕಿರುತ್ತದೆ. ಕಪ್ಪಿಲ್ಲವೆಂದು ಯಾರನ್ನೂ ತಡೆದಿಡಬೇಡಿ. ನಾಡಿ ನೋಡಿ. ಯಾರೋ ಒಬ್ಬರು ಕೂಡಲೇ ಉತ್ತರ ಕಳಿಸಿದರು: ಇದನ್ನು ಪದ್ಯದ ಎಷ್ಟನೇ ಸಾಲಿಗೆ ಸೇರಿಸಿಕೊಳ್ಳಬೇಕು ಮೇಡಂ?

ಅಕ್ಕ ಇನ್ನೂ ನಿಂತೇ ಇದ್ದಳು. ಸೊಂಟದಿಂದ ಒಂದು ಹಳೆಯ ಫೋನ್ ತೆಗೆದು, ನಂಬರು ಒತ್ತಿ, ನನ್ನ ಕಡೆ ಚಾಚಿದಳು.

"ನಾನು ಮಾಡಿದ್ರೆ ಅಮ್ಮ ಎತ್ತಲ್ಲ. ಇದು ಪಕ್ಕದ ಮನೇದು. ನನಗೆ ಹೇಳಿದ್ದನ್ನ ಹಂಗೇ ಅವಳಿಗೂ ಹೇಳಿ."

ಫೋನ್ ಬಡಿದುಕೊಂಡಿತು. ಎತ್ತಿದವರಿಗೆ ಪಕ್ಕದ ಮನೆಯ ಅಮ್ಮನನ್ನು ಕರೆಯಿರಿ ಎಂದೆ. ಹೆಜ್ಜೆ ಎಳೆಯುವ ಸಪ್ಪಳ ಬಹಳ ಹೊತ್ತು ಕೇಳಿಸಿತು.

"ಯಾರು?" ಎಂದಿತು ಮುದಿ ದನಿ.

"ಅಮ್ಮಾ, ನಿಮ್ಮ ದೊಡ್ಡ ಮಗಳ ಪಕ್ಕದಲ್ಲಿ ನಿಂತು ಮಾತಾಡ್ತಿದೀನಿ," ಎಂದೆ. "ಇಡಬೇಡಿ. ಅವಳ ತಪ್ಪಿಲ್ಲ. ತಪ್ಪು ಯಾರದ್ದು ಅಂತ ಹೇಳ್ತೀನಿ, ಪೂರ್ತಿ ಕೇಳಿ."

ಅವರು ಫೋನ್ ಇಡಲಿಲ್ಲ. ಮೊದಲಿಂದ ಹೇಳತೊಡಗಿದೆ.